ಸೀಗಿ ಹುಣ್ಣಿಮೆಗೆ ಕೊಯ್ದ ಬಳ್ಳಿ

ಕತ್ತರಿ ಹಿಡಿದಿದ್ದ ನನ್ನ ಕೈಯನ್ನು ಆಯಿ ಎರಡೂ ಕೈಯಿಂದ ಹಿಡಿದುಬಿಟ್ಟಳು. ಎಂಬತ್ತರ ಹತ್ತಿರದ ಮುದುಕಿ, ಅಪ್ಪನ ತಾಯಿ. ಆದರೆ ಎಮ್ಮೆ ಹಿಂಡಿ ಹಿಂಡಿ ಗಟ್ಟಿಯಾದ ಬೆರಳು. ಬಿಡಿಸಿಕೊಳ್ಳಲು ಆಗಲಿಲ್ಲ.

"ಇವತ್ತ ಬ್ಯಾಡೋ ಮಲ್ಲ್ಯಾ. ಸೀಗಿ ಹುಣ್ಣಿಮಿ ಅದ. ಭೂಮಿ ತಾಯಿ ಬಸುರಿ ಅದಾಳ. ಹಸರ ಕೊಯ್ಯಬಾರದು."

"ಬಿಡ ಆಯಿ. ನಿನ್ನಿ ಅರ್ಧ ಕೊಯ್ದೇನಿ. ಇವತ್ತ ಇನ್ನರ್ಧ."

"ಬಸುರಿಗಿ ಕತ್ತರಿ ಹಚ್ಚತೀಯೇನೋ ಭಾಡ್ಯಾ!"

"ಇದು ಇನ್ನಾ ಬಸುರೇ ಆಗಿಲ್ಲ. ಕೊಯ್ದರ ಆಗ್ತದ."

ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಯಿ ನಗಲಿಲ್ಲ. ನಾನು ಆಗಲೇ ಕೊಯ್ದಿದ್ದ ಕೊಂಬೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ದ್ರಾಕ್ಷಿ ಬಳ್ಳಿ ಹಾಗೇ. ಕೊಯ್ದರೆ ತಿಳಿನೀರು ಸುರಿಸುತ್ತದೆ. ಆಯಿ ಅದನ್ನು ಬೆರಳಿಗೆ ಹಚ್ಚಿಕೊಂಡು ನನ್ನ ಮುಖದ ಮುಂದೆ ಹಿಡಿದಳು.

"ನೋಡು. ಅಳಾಕತ್ತದ."

ಹಾಗಂದವಳು ಬೇವಿನ ಗಿಡದ ಕಡೆ ನೋಡಿದಳು. ಗಿಡದ ಕೆಳಗೆ ನನ್ನ ತಂಗಿ ನೀಲವ್ವ ಕೂತಿದ್ದಳು. ದಸರೆಗೆ ತವರಿಗೆ ಬಂದವಳು, ಐದು ತಿಂಗಳ ಬಸುರಿ, ಚೊಚ್ಚಲು. ಆಯಿಯ ಹೆದರಿಕೆ ಭೂಮಿ ತಾಯಿಗಾಗಿ ಅಲ್ಲ, ನೀಲವ್ವನಿಗಾಗಿ ಅಂತ ನನಗೆ ಆಗ ತಿಳಿಯಿತು. ತಿಳಿದರೂ ನಿಲ್ಲಿಸಲಿಲ್ಲ. ಅವಳ ಹಿಡಿತ ಸಡಿಲಾದ ಕೂಡಲೇ ಮುಂದಿನ ಕೊಂಬೆಗೆ ಕತ್ತರಿ ಹಾಕಿದೆ.

ಇದು ಜರ್ಮನ್ ಲಡಾಯಿ ನಡೆದಿದ್ದಾಗಿನ ಮಾತು. ಮೂರು ವರ್ಷ ಆಯಿತು. ಮೊನ್ನೆ ಜೇವರ್ಗಿಗೆ ಕುಸುಬೆ ಬೀಜ ತರಲು ಹೋಗಿದ್ದೆ. ಬೀಜ ಕೊಡುವ ಮನೆಯವರು ಹಳೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದರು. ಹುಳಿತ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಆ ವರ್ಷ ಪೂರಾ ಎದ್ದು ಮುಂದೆ ನಿಂತಿತು. ಮಟಕಿ ಊರಿನಿಂದ ನಮ್ಮೂರ ಸಾಲೆಗೆ ಬಂದ ಮಾಸ್ತರರಿಗೆ ಹೇಳಿದೆ. ಬರಿ ಅಂದರು. ನಾನು ಸಾಲೆಯಲ್ಲಿ ಉರ್ದು ಮೂರು ಪುಸ್ತಕ ಓದಿ ಬಿಟ್ಟವನು. ಕನ್ನಡ ಅಕ್ಷರ ಮಠದಲ್ಲಿ ಕಲಿತದ್ದು. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದು ಬರೆಯುತ್ತೇನೆ.

ನಮ್ಮದು ಅಫಜಲಪುರ ತಾಲೂಕಿನ ಕರಜಗಿ. ಅಪ್ಪ ಅವ್ವ ಒಂದೇ ವರ್ಷ ಪ್ಲೇಗಿನಲ್ಲಿ ಹೋದರು. ನನ್ನನ್ನೂ ನೀಲವ್ವನನ್ನೂ ಆಯಿ ಬೆಳೆಸಿದಳು. ಮನೆಯ ಯಜಮಾನ ದೊಡ್ಡಪ್ಪ, ಅಪ್ಪನ ಅಣ್ಣ. ದಿನಾ ಲಿಂಗಪೂಜೆ ಆಗದೆ ನೀರು ಮುಟ್ಟದ ಮನುಷ್ಯ. ಅವರು ಹೇಳಿದ್ದೇ ಮನೆಯ ಕಾನೂನು.

ಹದಿನೇಳನೇ ವಯಸ್ಸಿಗೆ ನಾನು ಹೇಳದೆ ಕೇಳದೆ ಸೋಲಾಪುರದ ರೈಲು ಹತ್ತಿ ನಾಸಿಕದ ಕಡೆ ಹೋಗಿಬಿಟ್ಟೆ. ಅಲ್ಲಿ ಒಬ್ಬ ಸಾಹುಕಾರನ ದ್ರಾಕ್ಷಿ ತೋಟದಲ್ಲಿ ಎರಡು ವರ್ಷ ದುಡಿದೆ. ಅಲ್ಲಿಯ ಹಳೆಯ ಮಾಲಿ ದಗಡೂ ಮಾಮಾ. ಅವನಿಗೆ ಕಿವಿ ಕೇಳುತ್ತಿರಲಿಲ್ಲ, ಆದ್ದರಿಂದ ಯಾರ ಮಾತೂ ಕೇಳುತ್ತಿರಲಿಲ್ಲ. ಬಳ್ಳಿ ಕೊಯ್ಯುವುದಕ್ಕೆ ಅವರು ಛಾಟಣಿ ಅನ್ನುತ್ತಾರೆ. ವರ್ಷಕ್ಕೆ ಎರಡು ಛಾಟಣಿ. ಬೇಸಿಗೆ ಹತ್ತುವಾಗ ಒಂದು, ಅದು ಬಳ್ಳಿ ಬಲಿಯಲಿಕ್ಕೆ. ಮಳೆ ನಿಂತ ಮೇಲೆ ಇನ್ನೊಂದು, ಅದು ಹಣ್ಣಿಗೆ. ನಮ್ಮ ಸೀಮೆಯಲ್ಲಿ ಕತ್ತರಿ ಹಾಕದಿದ್ದರೆ ದ್ರಾಕ್ಷಿ ಎಲೆ ಬಿಡುತ್ತಲೇ ಇರುತ್ತದೆ, ಗೊನೆ ಬಿಡುವುದಿಲ್ಲ. ದಗಡೂ ಮಾಮಾ ನನ್ನ ಕೈಯನ್ನು ಹಿಡಿದು ಹಿಡಿದು ಕೊಯ್ಯಿಸಿ ಇದನ್ನು ಕಲಿಸಿದ. ಊರಿಗೆ ಹೊರಟಾಗ ಒಂದು ಕಟ್ಟು ಕಡ್ಡಿ ಹಸಿ ಗೋಣಿಯಲ್ಲಿ ಸುತ್ತಿ ಕೊಟ್ಟ.

ಬಾವಿಯ ಪಕ್ಕದ ತುಂಡು ಹೊಲದಲ್ಲಿ ಅವನ್ನು ನೆಟ್ಟೆ. ನಲವತ್ತು ಬದುಕಿದವು. ಹಬ್ಬಲು ಹಾಲವಾಣದ ಗೂಟ ನಿಲ್ಲಿಸಿದೆ. ಹಾಲವಾಣ ನೆಟ್ಟಲ್ಲೇ ಚಿಗುರುತ್ತದೆ, ಕೊಳೆಯುವುದಿಲ್ಲ. ಎರಡು ವರ್ಷ ಬಳ್ಳಿ ಬೆಳೆಯಿತು, ಹಣ್ಣಿಲ್ಲ. ಬಲಿಯದ ಬಳ್ಳಿಗೆ ಹಣ್ಣಿನ ಛಾಟಣಿ ಹಾಕಬಾರದು ಅಂತ ನಾನೇ ಹಾಕಿರಲಿಲ್ಲ. ಊರವರಿಗೆ ಅದು ಹೇಗೆ ತಿಳಿಯಬೇಕು.

"ಮಲ್ಲ್ಯಾ ನೆರಳ ಬೆಳದಾನ. ಸಂತಿಗಿ ಒಂದ್ ಬುಟ್ಟಿ ನೆರಳ ತಗೊಂಡ್ ಹೋಗಲೇ," ಅನ್ನುತ್ತಿದ್ದರು.

ನೀರಿನ ಹೊಲ ನಮಗೆ ಅದೊಂದೇ. ಮೊದಲು ಅಲ್ಲಿ ಮೆಣಸಿನಕಾಯಿ, ಬದನೆ ಇತ್ತು. ಅದು ಹೋದದ್ದು ದೊಡ್ಡಪ್ಪನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಚರಗದ ಎಡೆ ಚೆಲ್ಲಿ ಬಂದವರು ನನ್ನ ಬೋಳು ಬಳ್ಳಿಗಳನ್ನು ನೋಡಿ ನಿಂತರು. ನೆಲದ ತುಂಬ ಹಸಿರು ಎಲೆ ಬಿದ್ದಿತ್ತು.

"ಇಷ್ಟು ದಿನ ಎಲಿಯರೆ ಇತ್ತು. ಅದನ್ನೂ ತಗದಿ," ಅಂದರು. "ಯುಗಾದಿ ತನಾ ನೋಡ್ತೇನಿ ಮಲ್ಲಪ್ಪ. ಹಣ್ಣ ಕಂಡಿತು, ಛಲೋ. ಇಲ್ಲಂದ್ರ ಕೊಡ್ಲಿ."

"ಆಗಲ್ರಿ. ಕೊಡ್ಲಿ ಮಸದ ಇಟಗೋರಿ," ಅಂದೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು. ಹೇಳಿದೆ.

ಎಂಟು ದಿನ ನನಗೇ ನಿದ್ದೆ ಇಲ್ಲ. ದಗಡೂ ಮಾಮಾನ ಮಣ್ಣು ಬೇರೆ, ನಮ್ಮ ಎರೆಮಣ್ಣು ಬೇರೆ. ಒಂಬತ್ತನೇ ದಿನ ಕಣ್ಣು ಉಬ್ಬಿತು. ಬಳ್ಳಿಯ ಗೆಣ್ಣಿನಲ್ಲಿರುವ ಮೊಗ್ಗಿಗೆ ಕಣ್ಣು ಅನ್ನುತ್ತಾರೆ. ಹನ್ನೆರಡನೇ ದಿನ ಒಡೆಯಿತು. ಚಿಗುರಿನ ಮೂರನೇ ಎಲೆಯ ಎದುರಿಗೆ ರಾಗಿ ಕಾಳಿನಂಥ ಹಸಿರು ಹೂಗೊಂಚಲು. ನಾನು ಯಾರಿಗೂ ಹೇಳಲಿಲ್ಲ. ಎತ್ತು ಹೂಡಿ ಬಾವಿಯಿಂದ ನೀರು ಎತ್ತಿದೆ, ಗೊಬ್ಬರ ಹೊತ್ತೆ. ಬೇಕಾದರೆ ಅವರೇ ಬಂದು ನೋಡಲಿ.

ಎಳ್ಳು ಅಮಾಸೆಗೆ ನೋಡಿದರು. ಅವತ್ತು ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಎಲ್ಲರೂ ಹೊಲದಲ್ಲೇ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಬಂದವರು ಹಂದರದ ಕೆಳಗೇ ಬಂದು ಕೂತರು, ನೆರಳು ಇದ್ದದ್ದು ಅಲ್ಲಿ. ತಲೆ ಎತ್ತಿದರೆ ಗೊನೆ. ಹಸಿರು, ಗೋಲಿಯಷ್ಟು ಗಾತ್ರ, ಕಲ್ಲಿನಂತೆ ಗಟ್ಟಿ. ದೊಡ್ಡಪ್ಪ ರೊಟ್ಟಿ ಮುರಿಯುತ್ತಾ ಮೇಲೆ ನೋಡಿದರು, ಕೆಳಗೆ ನೋಡಿದರು.

ನೀಲವ್ವಗೆ ಆಗ ಏಳು ತಿಂಗಳು ತುಂಬಿತ್ತು. ಅವಳು ಕೈ ಚಾಚಿದಳು. "ಅಣ್ಣಾ, ಅದನ್ನ ಹರಕೊಡು."

"ಹಣ್ಣಾಗಿಲ್ಲ ಬೇ. ಹುಳಿ ಅದ."

"ಹುಳಿನೇ ಬೇಕು."

ಒಂದು ಗೊನೆ ಹರಿದು ಕೊಟ್ಟೆ. ಉಪ್ಪು ಹಚ್ಚಿಕೊಂಡು ಕಟಕಟ ತಿಂದಳು. ಒಂದು ಕಣ್ಣು ಮುಚ್ಚಿ, ಮೂಗು ಮುರಿದು, ಮತ್ತೆ ಇನ್ನೊಂದು. ಆಯಿ ಅವಳ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ತಾನೂ ಒಂದನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿ, ಎಷ್ಟೋ ಹೊತ್ತು ಹೊರಳಾಡಿಸಿದಳು.

"ಥೂ, ಹುಣಸಿಕಾಯಿ ಇದರ ಮುಂದ ಸಕ್ಕರಿ," ಅಂದಳು. ಆಮೇಲೆ ಮೆತ್ತಗೆ, ಯಾರಿಗೋ ಉತ್ತರ ಕೊಟ್ಟಂತೆ ಅಂದಳು: "ಬಸುರಿ ಬಯಸಿ ತಿಂದಾಳ. ಇನ್ನ ಇದು ಪಾಪದ ಬಳ್ಳಿ ಹೆಂಗಾಗ್ತದ?"

ದೊಡ್ಡಪ್ಪ ಎದ್ದು ಕೈ ತೊಳೆಯಲು ಹೋದರು.

ಶಿವರಾತ್ರಿಯ ಹೊತ್ತಿಗೆ ಹಸಿರು ತಿಳಿಯಾಗಿ ಒಳಗಿನ ಬೀಜ ಕಾಣುವಂತಾಯಿತು. ಗಿಳಿ ಓಡಿಸಿ ಓಡಿಸಿ ನನ್ನ ಗಂಟಲು ಬಿತ್ತು. ಅರ್ಧ ಹಣ್ಣು ಕಿತ್ತು ಬುಟ್ಟಿಯಲ್ಲಿ ಹೊತ್ತು ಭೀಮೆಯ ದಂಡೆಯ ಘತ್ತರಗಿಗೆ ಒಯ್ದೆ. ಭಾಗ್ಯವಂತಿ ದೇವಿಯ ಗುಡಿಗೆ ಬಂದ ಮಂದಿ ಸುತ್ತ ನೆರೆದರು. ಒಬ್ಬ ಮುದುಕಿ, "ಯಪ್ಪಾ, ಇವೇನ್ ನೆಲ್ಲಿಕಾಯಿ ಗೊಂಚಲ ಬಿಟ್ಟಾವ?" ಅಂದಳು. ಒಂದು ಕೊಟ್ಟೆ. ತಿಂದವಳು ಎರಡನೇದಕ್ಕೆ ಕೇಳದೆ ಕೈ ಹಾಕಿದಳು. ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ. ಅದೇ ವಾರ ನೀಲವ್ವ ಹೆತ್ತಳು. ಹೆಣ್ಣು. ತಾಯಿ ಮಗು ಇಬ್ಬರೂ ಗಟ್ಟಿ. ಆಯಿ ಹೊರಗೆ ಬಂದು ಸುದ್ದಿ ಹೇಳುವಾಗ ಮೊದಲು ನನ್ನ ಮುಖ ನೋಡಿದಳು.

ಮೂರನೇ ದಿನ ಮಳೆ. ಆ ಕಾಲದಲ್ಲಿ ಬರಬಾರದ ಮಳೆ, ಒಂದೇ ತಾಸು ಹೊಡೆದು ಹೋಯಿತು. ಹಂದರದ ಮೇಲೆ ಉಳಿದಿದ್ದ ಹಣ್ಣೆಲ್ಲ ನೀರು ಕುಡಿದು ಸೀಳಿದವು. ಸೀಳಿದ ಹಣ್ಣನ್ನು ಯಾರೂ ತಗೊಳ್ಳುವುದಿಲ್ಲ. "ಎಮ್ಮಿಗಿ ಹಾಕು," ಅಂದರು ದೊಡ್ಡಪ್ಪ.

ಎಮ್ಮೆಗೆ ಹಾಕಲು ನಾನು ಮೂರು ವರ್ಷ ನೀರು ಹೊತ್ತಿದ್ದೆನೇ? ನಾಸಿಕದಲ್ಲಿ ಇಂಥ ಹಣ್ಣನ್ನು ಸಾಹುಕಾರನ ಜನ ಕಿವುಚಿ, ಭರಣಿಗೆ ಹಾಕಿ, ರಸ ಮಾಡುತ್ತಿದ್ದರು. ಹುಳಿ ಬಂದ ಮೇಲೆ ಸೋಸಿ ಬಾಟಲಿಗೆ ತುಂಬುತ್ತಿದ್ದರು. ಸಾಹುಕಾರ ಊಟದ ಜೊತೆ ಕುಡಿಯುತ್ತಿದ್ದ. ಅದು ಏನು ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ನನಗೆ ಕುಡಿಯುವ ಚಟ ಇಲ್ಲ. ಹಣ್ಣು ಹಾಳಾಗಬಾರದು, ಅಷ್ಟೇ. ಮತ್ತೆ, ಮಾಡಲು ಬರುತ್ತದೋ ಇಲ್ಲವೋ ನೋಡಬೇಕಿತ್ತು.

ಎರಡು ದೊಡ್ಡ ಉಪ್ಪಿನಕಾಯಿ ಭರಣಿ ತೊಳೆದು ಒಣಗಿಸಿದೆ. ಹಣ್ಣು ಕೈಯಿಂದ ಕಿವುಚಿ ತುಂಬಿದೆ. ಒಂದರ ಬಾಯಿಗೆ ಅರಿವೆ ಕಟ್ಟಿದೆ. ಎರಡನೆಯದಕ್ಕೆ ಕಟ್ಟಲು ಹಳೆಯ ಅರಿವೆ ಸಿಗಲಿಲ್ಲ. ಆಯಿ ಉಪ್ಪಿನಕಾಯಿಗೆ ಮಾಡುವ ಹಾಗೆ ಮುಚ್ಚಳ ಇಟ್ಟು ಮಣ್ಣು ಮೆತ್ತಿದೆ, ಮೇಲೆ ಹಗ್ಗ ಸುತ್ತಿ ಬಿಗಿದೆ. ಎರಡನ್ನೂ ಹಿಂದಿನ ಕೋಣೆಯ ಮೂಲೆಯಲ್ಲಿ ಇಟ್ಟೆ. ದಗಡೂ ಮಾಮಾ ರಸದ ಕೆಲಸ ನನಗೆ ಕಲಿಸಿರಲಿಲ್ಲ. ನಾನು ಕಿಟಕಿಯಲ್ಲಿ ನೋಡಿದ್ದು ಮಾತ್ರ.

ಅರಿವೆ ಕಟ್ಟಿದ ಭರಣಿ ಎರಡು ದಿನದಲ್ಲಿ ಸುಯ್ ಅನ್ನತೊಡಗಿತು. ಆಯಿ ಕಿವಿ ಇಟ್ಟು ಕೇಳಿದಳು. "ಒಳಗ ಏನ್ ಇಟ್ಟಿಯೋ? ಮಾತಾಡ್ತದಲ್ಲೋ."

"ರಸ, ಆಯಿ."

"ಏನ್ ಅಂತದ?"

"ತಡೀ ಅಂತದ."

ಮಣ್ಣು ಮೆತ್ತಿದ್ದು ಸುಮ್ಮನಿತ್ತು. ಅದೇ ಒಳ್ಳೆಯದು ಅಂದುಕೊಂಡೆ.

ಹದಿಮೂರನೇ ದಿನ ಮಗುವಿಗೆ ತೊಟ್ಟಿಲು ಹಾಕಿದರು. ಮಠದ ಅಯ್ಯನವರು ಬಂದಿದ್ದರು. ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿದ್ದೆವು. ಪಕ್ಕದಲ್ಲಿ ದೊಡ್ಡಪ್ಪ, ಹೊಸ ಧೋತರ, ಹೊಸ ರುಮಾಲು. ಹೆಂಗಸರು ತೊಟ್ಟಿಲು ತೂಗಿ ಹಾಡುತ್ತಿದ್ದರು. ಆಯಿ ಮಗುವಿನ ಕಿವಿಗೆ ಬಗ್ಗಿ ಹೆಸರು ಹೇಳಬೇಕು ಅನ್ನುವಾಗ ಹಿಂದಿನ ಕೋಣೆಯಲ್ಲಿ ಢಬ್ ಅಂತ ಶಬ್ದ. ತೆರೆದಿದ್ದ ಬಾಗಿಲಿನಿಂದ ಭರಣಿಯ ಮುಚ್ಚಳ ಹಾರಿ ಬಂದು ಗೋಡೆಗೆ ಬಡಿದು, ಉರುಳಿ ಉರುಳಿ ಅಯ್ಯನವರ ಪಾದದ ಮುಂದೆ ಬಂದು ನಿಂತಿತು. ಅದರ ಹಿಂದೆ ರಸ. ಹೊಸ್ತಿಲು ದಾಟಿ, ಸಿಪ್ಪೆ ಬೀಜ ಎಳೆದುಕೊಂಡು, ಬುಸು ಬುಸು ನೊರೆ ಬಿಡುತ್ತಾ ದೊಡ್ಡಪ್ಪನ ಧೋತರದ ಕೆಳಗೆ ಹೋಯಿತು. ಮನೆ ತುಂಬ ವಾಸನೆ. ಹಾಡು ನಿಂತಿತು. ಮಗು ಮಾತ್ರ ಏಳಲಿಲ್ಲ.

ಬಾಗಿಲಲ್ಲಿದ್ದ ಯಾರೋ ಒಬ್ಬ, "ಸಿಂದಿ ವಾಸನಿ ಬರಾಕತ್ತದಲ್ಲಪ್ಪಾ," ಅಂದ.

ದೊಡ್ಡಪ್ಪ ಎದ್ದರು. ಧೋತರ ಕಾಲಿಗೆ ಅಂಟಿತ್ತು. "ಯಾರದಿದು?"

"ನಂದ್ರಿ."

"ಲಿಂಗವಂತರ ಮನ್ಯಾಗ ಸೆರೆ ಇಳಿಸೀದಿ?"

"ಇಳಿಸಿಲ್ರಿ. ಕೊಳಿಸೇನಿ. ಸೀಳಿದ ಹಣ್ಣು ನಿಮಗ ಎಮ್ಮಿ ಪಾಲು. ನಾ ಭರಣಿಗಿ ಹಾಕೇನಿ."

"ಅಯ್ಯನೋರ ಮುಂದ, ಕೂಸಿನ ತೊಟ್ಟಿಲ ಮುಂದ ನನ್ನ ಮಾನ ತಗದಿ!"

ನಾನು ಸುಮ್ಮನೆ ಇರಬಹುದಿತ್ತು. ಇರಲಿಲ್ಲ. "ಹಳ್ಳದ ಗುಂಟ ನಿಮ್ಮ ಸಿಂದಿ ಗಿಡ ಹೆಂಡದ ಗುತ್ತೇದಾರಗ ಕೊಟ್ಟೀರಿ. ವರ್ಷಾ ಕೊಡ್ತೀರಿ. ಅದರಾಗ ಇಳಿಯೋದು ಏನ್ರಿ, ಮಜ್ಜಿಗಿಯೇನು?"

ಅಯ್ಯನವರು ಮುಚ್ಚಳವನ್ನು ಕೈಗೆ ತಗೊಂಡು ನೋಡಿ ಪಕ್ಕಕ್ಕೆ ಇಟ್ಟರು. ಸಿಟ್ಟಿನ ಮನುಷ್ಯರಲ್ಲ ಅವರು. "ಮಲ್ಲಪ್ಪ, ದೊಡ್ಡವರ ಕಾಲ ಮುಟ್ಟು. ತಪ್ಪಾತು ಅನ್ನು. ಬಳ್ಳಿ ಇರಲಿ, ಇದೊಂದು ಬಿಡು. ಮುಗೀತು," ಅಂದರು.

ಎಲ್ಲರೂ ನನ್ನನ್ನು ನೋಡಿದರು. ಬಾಣಂತಿ ಕೋಣೆಯ ಬಾಗಿಲಿಂದ ನೀಲವ್ವ ಕಣ್ಣಲ್ಲೇ ಅನ್ನು, ಅನ್ನು ಅನ್ನುತ್ತಿದ್ದಳು. ಒಂದು ಮಾತಿಗೆ ನಲವತ್ತು ಬಳ್ಳಿ ಉಳಿಯುತ್ತಿದ್ದವು. ಆ ಮಾತು ನನ್ನ ಬಾಯಿಗೆ ಬರಲಿಲ್ಲ.

"ನನ್ನ ತಪ್ಪು ಒಂದೇರಿ ಅಯ್ಯನೋರ. ಭರಣಿ ಬಾಯಿ ಮುಚ್ಚಬಾರದಿತ್ತು. ಮುಚ್ಚೇನಿ. ಅದಕ್ಕ ಬೇಕಾದರ ತಪ್ಪಾತು ಅಂತೇನಿ."

ಹೆಂಗಸರಲ್ಲಿ ಒಬ್ಬಳು ನಕ್ಕುಬಿಟ್ಟಳು. ಅದರಿಂದಲೇ ಕೆಟ್ಟಿತು. ದೊಡ್ಡಪ್ಪ ನನ್ನ ಕಡೆ ನೋಡದೆ ಹೇಳಿದರು: "ಯುಗಾದಿ ಮರುದಿನ ಕೊಡ್ಲಿ ಹಾಕ್ತೇನಿ. ಇನ್ನೊಂದು ಭರಣಿ ತಿಪ್ಪಿಗಿ ಸುರವು."

ತಿಪ್ಪೆಗೆ ಸುರಿಯಲಿಲ್ಲ. ಹೊಲಕ್ಕೆ ಹೊತ್ತುಕೊಂಡು ಹೋದೆ. ಸುರಿಯುವ ಮೊದಲು ಒಂದು ಬೊಗಸೆ ಕುಡಿದು ನೋಡಿದೆ. ಹುಳಿ. ಗಂಟಲಲ್ಲಿ ಸ್ವಲ್ಪ ಬಿಸಿ. ಕೆಟ್ಟದಾಗಿ ಇರಲಿಲ್ಲ, ಒಳ್ಳೆಯದೂ ಇರಲಿಲ್ಲ. ಉಳಿದದ್ದನ್ನು ಬಳ್ಳಿಯ ಬುಡಗಳಿಗೆ ಹಂಚಿ ಸುರಿದೆ. ಅದರದು ಅದಕ್ಕೆ.

ಯುಗಾದಿಯ ಮರುದಿನ ಬಿಸಿಲು ಏರುವ ಮೊದಲೇ ದೊಡ್ಡಪ್ಪ ಎರಡು ಆಳು ಕರೆದುಕೊಂಡು ಬಂದರು. ನಾನು ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಎದ್ದು ಒಬ್ಬನ ಕೈಯಿಂದ ಕೊಡಲಿ ಕಸಿದುಕೊಳ್ಳಬೇಕು ಅನ್ನಿಸಿತು. ಮೊದಲ ಬಳ್ಳಿಯನ್ನು ಮೊಣಕಾಲ ಮಟ್ಟಕ್ಕೆ ಕಡಿದರು. ಹಂದರದಿಂದ ಅದರ ತೋಳುಗಳನ್ನು ಎಳೆದು ಹಾಕಿದರು. ಎರಡನೆಯದು. ಮೂರನೆಯದು. ಐದನೆಯದಕ್ಕೆ ಹೋದಾಗ ನನಗೆ ತಟ್ಟನೆ ನೆನಪಾಯಿತು. ಇದು ಯಾವ ತಿಂಗಳು? ಬೇಸಿಗೆ ಹತ್ತುವ ತಿಂಗಳು. ಆ ವಾರ ನಾನೇ ಕತ್ತರಿ ಹಿಡಿಯಬೇಕಿತ್ತು. ನಾನಾಗಿದ್ದರೆ ತೋಳು ಉಳಿಸಿ ಕೊಯ್ಯುತ್ತಿದ್ದೆ, ಇವರು ಕೆಳಗೆ ಕೊಯ್ಯುತ್ತಿದ್ದಾರೆ. ಆದರೆ ಕೊಯ್ಯುತ್ತಿರುವುದು ಛಾಟಣಿಯ ಕಾಲಕ್ಕೆ. ದಗಡೂ ಮಾಮಾನ ತೋಟದಲ್ಲಿ ಒಮ್ಮೆ ಆಡು ನುಗ್ಗಿ ಬುಡದ ತನಕ ಮೇದಿದ್ದವು. ಅವನು ಅಂದಿದ್ದ: ಬೇರು ಇದ್ದರೆ ಆಡೂ ಮಾಲಿಯೇ.

ಬೇರು ಇದ್ದರೆ. ಅಷ್ಟರಲ್ಲಿ ದೊಡ್ಡಪ್ಪನೇ ಅಂದರು: "ಕಡದದ್ದು ಸಾಕು. ಇನ್ನ ಗುದ್ದಲಿ ತಗೋರಿ. ಬೇರ ಕೀಳ್ರಿ."

"ಯಾವಾಂವ ಕೀಳತಾನ?"

ಬದುವಿನ ಮೇಲೆ ಆಯಿ. ಕೋಲು ಊರಿಕೊಂಡು ಅಷ್ಟು ದೂರ ಒಬ್ಬಳೇ ಬಂದಿದ್ದಳು. "ಮನ್ಯಾಗ ಹಸಿ ಬಾಣಂತಿ ಅದಾಳ. ಬಾಣಂತಿ ಇರೋ ಮನಿಯವರು ಬೇರ ಕೀಳಬಾರದು. ಕೂಸಿಗಿ ಆಗಿ ಬರಂಗಿಲ್ಲ."

ಗುದ್ದಲಿ ಹಿಡಿದ ಆಳು ನಿಂತುಬಿಟ್ಟ. ಅವನ ಮನೆಯಲ್ಲೂ ಬಾಣಂತಿ ಇದ್ದಳು. ದೊಡ್ಡಪ್ಪ ತಾಯಿಯ ಮುಖ ನೋಡಿದರು. "ಇದು ಯಾವ ಪದ್ಧತಿ ಅವ್ವಾ? ನಾ ಕೇಳಿಲ್ಲ."

"ನೀ ಎಷ್ಟ್ ಹಡದೀದಿ, ನಿನಗ ಗೊತ್ತಿರಾಕ?"

ಗುದ್ದಲಿ ಕೆಳಗೆ ಇಳಿಯಿತು. ಕೊಡಲಿ ಮುಂದುವರಿಯಿತು. ನಾನು ಕಟ್ಟೆಯಿಂದ ಇಳಿದು ಅವರ ಹಿಂದೆ ನಡೆದೆ. ಒಬ್ಬ ಆಳು ಮೊಂಡು ಕೊಡಲಿಯಿಂದ ಒಂದು ಬುಡವನ್ನು ಜಜ್ಜಿ ಸೀಳುತ್ತಿದ್ದ.

"ಸೀಳಬ್ಯಾಡಲೇ. ಇನ್ನೊಂದ್ ಗೇಣ ಕೆಳಗ, ಗೆಣ್ಣಿನ ಮ್ಯಾಲ, ಓರೆ ಮಾಡಿ ಕಡಿ. ಹಾಂ, ಹಂಗ."

ದೊಡ್ಡಪ್ಪ ಗಕ್ಕನೆ ತಿರುಗಿದರು. "ಹುಚ್ಚ ಹಿಡೀತೇನು ನಿನಗ?"

"ಇಲ್ರಿ. ಕೆಲಸ ನೆಟ್ಟಗ ಆಗಲಿ ಅಂತ."

ನಲವತ್ತೂ ಮುಗಿದಾಗ ಹೊಲದಲ್ಲಿ ಹಾಲವಾಣದ ಗೂಟಗಳು ಮಾತ್ರ ನಿಂತಿದ್ದವು. ಎಲ್ಲರೂ ಹೋದ ಮೇಲೆ ಆಯಿಯನ್ನು ಕೇಳಿದೆ. "ಅದು ಯಾವ ಪದ್ಧತಿ ಆಯಿ? ನಿಜಾ ಹೇಳು."

ಅವಳು ಒಂದು ಮೋಟು ಬುಡದ ಹತ್ತಿರ ಬಗ್ಗಿದ್ದಳು. ಕಡಿದ ಬಾಯಿಯಿಂದ ಒಸರುತ್ತಿದ್ದ ನೀರನ್ನು ಬೆರಳಿಗೆ ಹಚ್ಚಿಕೊಂಡಳು. "ಈಗ ನಾನ ಮಾಡಿದ್ದು," ಅಂದಳು. "ಎಲ್ಲಾ ಪದ್ಧತಿ ಯಾರರೆ ಒಬ್ಬರು ಮಾಡಿದ್ದೇ ಅಲ್ಲೇನೋ."

ಸುಡು ಬಿಸಿಲಲ್ಲಿ ನೀರು ಎತ್ತಿದೆ. ಊರವರು ಹೇಳಿದರು, ಮಲ್ಲ್ಯಾ ಮೋಟಿಗೆ ನೀರು ಹಾಕುತ್ತಾನೆ ಅಂತ. ಹಾಕಿದೆ. ಎರಡು ವಾರಕ್ಕೆ ಮೂವತ್ತೇಳು ಬುಡಗಳಲ್ಲಿ ಕಣ್ಣು ಒಡೆಯಿತು. ಒಂದೊಂದರಲ್ಲಿ ಐದು, ಆರು ಚಿಗುರು. ಸುತ್ತ ಹೊಲವೆಲ್ಲ ಕರ್ರಗೆ ಬಿರಿದಿದ್ದಾಗ ನನ್ನ ತುಂಡು ಮಾತ್ರ ಹಸಿರು. ಒಂದು ದಿನ ದೊಡ್ಡಪ್ಪ ಎತ್ತಿಗೆ ನೀರು ಕುಡಿಸಲು ಬಂದವರು ಅಲ್ಲೇ ನಿಂತರು.

"ಏನ್ ಹಾಕೀದಿ ಇದಕ್ಕ?"

"ಏನಿಲ್ರಿ. ನಿಮ್ಮ ಕೊಡ್ಲಿ."

ಎತ್ತು ಹೊಡೆದುಕೊಂಡು ಹೋದರು.

ಕೆಳಗೆ ಕಡಿದದ್ದರಿಂದ ಮರುವರ್ಷ ಹಣ್ಣು ಬೆರಳೆಣಿಕೆಯಷ್ಟು. ಹೋದ ಶಿವರಾತ್ರಿಗೆ ಹಂದರ ಭಾರಕ್ಕೆ ಬಾಗಿತು. ದೊಡ್ಡಪ್ಪನೂ ತಿನ್ನುತ್ತಾರೆ, ಬೀಜವನ್ನು ಬದುವಿನ ಆಚೆ ಉಗುಳುತ್ತಾರೆ. ನಾನು ಇವತ್ತಿನ ತನಕ ತಪ್ಪಾಯಿತು ಅಂದಿಲ್ಲ. ಅವರು ಮತ್ತೆ ಕೇಳಿಲ್ಲ. ಹಳ್ಳದ ಸಿಂದಿ ಗಿಡಗಳಲ್ಲಿ ಈಗಲೂ ಗಡಿಗೆ ತೂಗುತ್ತಿವೆ.

ನಾಳೆ ಸೀಗಿ ಹುಣ್ಣಿಮೆ. ಕತ್ತರಿ ಮಸೆದು ಇಟ್ಟಿದ್ದೇನೆ. ಆಯಿಗೆ ಈಗ ಕಣ್ಣು ಕಾಣುವುದಿಲ್ಲ. ಆದರೂ ಮೊದಲ ಕೊಂಬೆ ನಾನೇ ಹಿಡಿಯುತ್ತೇನೆ, ನೀನು ಕೊಯ್ಯಿ ಅಂದಿದ್ದಾಳೆ. ನನ್ನ ಹತ್ತಿರ ಇದ್ದದ್ದು ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.